ಒಂದು ಅಂಗನವಾಡಿ, ಮೂವರು ಸಚಿವರು

ಸಂಸತ್ತಿನಲ್ಲಿ ಮಸೂದೆಗಳ ಸರದಿ, ಚರ್ಚೆಯ ಅವಧಿ, ಮತಕ್ಕೆ ಹಾಕುವ ಹೊತ್ತು ಎಲ್ಲವೂ ಬಹುಮಟ್ಟಿಗೆ ಸರ್ಕಾರದ ಅನುಕೂಲವನ್ನು ಅನುಸರಿಸುತ್ತವೆ. ಪ್ರಶ್ನೋತ್ತರ ಕಲಾಪ ಮಾತ್ರ ಅದಕ್ಕೆ ಹೊರತಾದುದು. ಲೋಕಸಭೆಯಲ್ಲಿ ಬೆಳಿಗ್ಗೆ 11ರಿಂದ 12ರವರೆಗೆ, ರಾಜ್ಯಸಭೆಯಲ್ಲಿ 2014ರ ನವೆಂಬರ್‌ನಿಂದ ಮಧ್ಯಾಹ್ನ 12ರಿಂದ 1ರವರೆಗೆ ನಡೆಯುವ ಈ ಕಲಾಪದಲ್ಲಿ ಯಾವ ಪಕ್ಷದ ಸದಸ್ಯರೇ ಆಗಲಿ ಸಚಿವರನ್ನು ಅವರ ಖಾತೆಯ ಆಡಳಿತದ ಬಗ್ಗೆ ನೇರವಾಗಿ ಕೇಳಬಹುದು, ಸಚಿವರು ಎದ್ದು ನಿಂತು ಉತ್ತರಿಸಬೇಕು. ಮಕ್ಕಳ ಪಾಲನೆ, ಬ್ರಾಡ್‌ಬ್ಯಾಂಡ್ ಮತ್ತು ಕೈಗಾರಿಕಾ ನೀತಿ ಅಲ್ಲಿ ಅಧಿವೇಶನದಿಂದ ಅಧಿವೇಶನಕ್ಕೆ ಮರಳಿ ಬರುವ ವಿಷಯಗಳಾಗಿದ್ದು, ಮೂರಕ್ಕೂ ತಪ್ಪದೆ ಉತ್ತರ ಸಿಗುತ್ತದೆ. ಆದರೆ ಆ ಉತ್ತರಗಳನ್ನು ಒಟ್ಟಿಗಿಟ್ಟು ಓದಿದರೆ, ಸರ್ಕಾರ ಏನನ್ನು ಮಂಜೂರು ಮಾಡಿತೆಂಬುದು ತಿಳಿಯುತ್ತದೆಯೇ ಹೊರತು ಮಂಜೂರಾದದ್ದು ಜನರನ್ನು ತಲುಪಿತೇ ಎಂಬುದು ತಿಳಿಯುವುದಿಲ್ಲ. ಈ ಕೊರತೆಗೆ ಸಚಿವರ ಜಾಣತನಕ್ಕಿಂತ ಪ್ರಶ್ನೆ ಕೇಳುವ ವ್ಯವಸ್ಥೆಯ ರಚನೆಯೇ ಹೆಚ್ಚು ಕಾರಣ.

ಆ ರಚನೆ ಹೀಗಿದೆ. ಸದಸ್ಯರು ಸಾಮಾನ್ಯವಾಗಿ 15 ದಿನ ಮೊದಲೇ ಲಿಖಿತ ನೋಟಿಸ್ ನೀಡಬೇಕು. ಬಂದ ನೋಟಿಸ್‌ಗಳ ಪೈಕಿ ಯಾವುದು ಪಟ್ಟಿಗೆ ಸೇರಬೇಕೆಂಬುದನ್ನು ಚೀಟಿ ಎತ್ತಿ ನಿರ್ಧರಿಸಲಾಗುತ್ತದೆ. ಲೋಕಸಭೆಯ ದಿನದ ಪಟ್ಟಿಯಲ್ಲಿ 20 ಚುಕ್ಕೆ ಗುರುತಿನ ಪ್ರಶ್ನೆಗಳಿರುತ್ತವೆ, ಅಂದರೆ ಸಚಿವರು ಬಾಯ್ಮಾತಿನಲ್ಲಿ ಉತ್ತರಿಸಬೇಕಾದವು. ಜತೆಗೆ 230 ಚುಕ್ಕೆ ಗುರುತಿಲ್ಲದ ಪ್ರಶ್ನೆಗಳಿರುತ್ತವೆ, ಇವುಗಳಿಗೆ ಲಿಖಿತ ಉತ್ತರವೇ ಕೊನೆ. ಚುಕ್ಕೆ ಗುರುತಿನ ಪ್ರಶ್ನೆಗೆ ಮಾತ್ರ ಉಪಪ್ರಶ್ನೆಯ ಅವಕಾಶವುಂಟು: ಸಚಿವರ ಉತ್ತರ ಕೇಳಿದ ಮೇಲೆ, ಆ ಉತ್ತರದಿಂದಲೇ ಹುಟ್ಟುವ ಮರುಪ್ರಶ್ನೆಯನ್ನು ಅದೇ ಗಳಿಗೆಯಲ್ಲಿ, ನೋಟಿಸ್ ಇಲ್ಲದೆ ಕೇಳುವ ಹಕ್ಕು ಇದು. ಗದ್ದಲವಿಲ್ಲದ ದಿನದಲ್ಲೂ ಒಂದು ಗಂಟೆಯಲ್ಲಿ ಬಾಯ್ಮಾತಿನ ಉತ್ತರ ಕಾಣುವುದು ಇಪ್ಪತ್ತರಲ್ಲಿ ಸಾಮಾನ್ಯವಾಗಿ ನಾಲ್ಕೈದು ಪ್ರಶ್ನೆಗಳು ಮಾತ್ರ. ಉಳಿದವೆಲ್ಲ ಲಿಖಿತ ಉತ್ತರಗಳ ಕಡತಕ್ಕೆ ಸೇರುತ್ತವೆ.

ಉಪಪ್ರಶ್ನೆಯನ್ನು ಕಲಾಪದ ಬಾಲಂಗೋಚಿ ಎಂದು ಭಾವಿಸುವವರು ಅದರ ಇತಿಹಾಸವನ್ನು ನೋಡಬೇಕು. ವಸಾಹತು ಸರ್ಕಾರ 1892ರ ಕಾಯ್ದೆಯ ಮೂಲಕ ಶಾಸನ ಪರಿಷತ್ತಿನ ಸದಸ್ಯರಿಗೆ ಪ್ರಶ್ನೆ ಕೇಳುವ ಹಕ್ಕನ್ನು ಕೊಟ್ಟಿತಾದರೂ ಮರುಪ್ರಶ್ನೆಯನ್ನು ತಡೆಹಿಡಿಯಿತು. 1909ರಲ್ಲಿ ಮೂಲ ಪ್ರಶ್ನೆ ಕೇಳಿದವರಿಗಷ್ಟೇ ಅದನ್ನು ನೀಡಿ, 1919ರ ಸುಧಾರಣೆಯ ನಂತರವಷ್ಟೇ ಇತರ ಸದಸ್ಯರಿಗೂ ವಿಸ್ತರಿಸಿತು. ಪ್ರಶ್ನೆಯನ್ನು ಸಹಿಸಿಕೊಂಡ ಆಳರಸರು ಮರುಪ್ರಶ್ನೆಯನ್ನು ಎಲ್ಲರಿಗೂ ಬಿಟ್ಟುಕೊಡಲು ಇಪ್ಪತ್ತೇಳು ವರ್ಷ ಅಂಜಿದರೆಂದರೆ, ಅಧಿಕಾರಕ್ಕೆ ನಿಜವಾಗಿ ಚುಚ್ಚುವುದು ಯಾವುದೆಂದು ಅವರಿಗೆ ತಿಳಿದಿತ್ತು. ಸ್ವತಂತ್ರ ಭಾರತದಲ್ಲೂ ಇದಕ್ಕೆ ಸಾಕ್ಷ್ಯವಿದೆ. ಜೀವ ವಿಮಾ ನಿಗಮವು ಉದ್ಯಮಿ ಹರಿದಾಸ್ ಮುಂದ್ರಾ ಅವರ ಕಂಪನಿಗಳ ಷೇರುಗಳನ್ನು ಕೊಂಡ ವ್ಯವಹಾರ 1957ರಲ್ಲಿ ಸದನದ ಪ್ರಶ್ನೆಯಾಗಿ ತಲೆಯೆತ್ತಿತು. ಹಾರಿಕೆಯ ಉತ್ತರಕ್ಕೆ ಸುಮ್ಮನಾಗದೆ ಸದಸ್ಯರು ಬೆನ್ನು ಹತ್ತಿದ್ದರಿಂದ ಮತ್ತು ಆಡಳಿತ ಪಕ್ಷದವರೇ ಆದ ಫಿರೋಜ್ ಗಾಂಧಿ ಡಿಸೆಂಬರ್‌ನಲ್ಲಿ ದಾಖಲೆಸಹಿತ ಮಾತನಾಡಿದ್ದರಿಂದ ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಆಯೋಗ ನೇಮಕವಾಗಿ, 1958ರ ಫೆಬ್ರವರಿಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು.

ಇಂದಿನ ಲಿಖಿತ ಉತ್ತರವೊಂದರ ಮೈಕಟ್ಟನ್ನು ಹತ್ತಿರದಿಂದ ಗಮನಿಸಬೇಕು. ಸದಸ್ಯರು ತಮ್ಮ ಪ್ರಶ್ನೆಯನ್ನು ಎ, ಬಿ, ಸಿ, ಡಿ ಎಂದು ಭಾಗ ಮಾಡಿ, ಕೇಂದ್ರಗಳೆಷ್ಟು, ಖಾಲಿ ಹುದ್ದೆಗಳೆಷ್ಟು, ವೇತನ ಹೆಚ್ಚಳದ ಪ್ರಸ್ತಾವವಿದೆಯೇ, ಇಲ್ಲವಾದರೆ ಕಾರಣವೇನು ಎಂದು ಒಂದೊಂದಾಗಿ ಕೇಳಿರುತ್ತಾರೆ. ಉತ್ತರ ಮಾತ್ರ ‘ಎಯಿಂದ ಡಿವರೆಗೆ’ ಎಂಬ ಒಂದೇ ತಲೆಬರಹದಡಿ ಬರುತ್ತದೆ. ಯೋಜನೆ ಯಾವಾಗ ಆರಂಭವಾಯಿತು, ಅದರ ಉದ್ದೇಶಗಳೇನು, ಕೇಂದ್ರ ಮತ್ತು ರಾಜ್ಯಗಳ ಪಾಲೆಷ್ಟು ಎಂಬ ಎರಡು ಪುಟಗಳ ವಿವರಣೆಯ ಹಿಂದೆ ರಾಜ್ಯವಾರು ಕೋಷ್ಟಕವೊಂದು ಅನುಬಂಧವಾಗಿ ಸೇರುತ್ತದೆ. ಕೇಳಿದ ನಾಲ್ಕರಲ್ಲಿ ಯಾವುದಕ್ಕೆ ಉತ್ತರ ಸಿಗಲಿಲ್ಲ ಎಂಬುದನ್ನು ಕಂಡುಹಿಡಿಯಲು ಓದುಗರು ಎರಡೆರಡು ಬಾರಿ ಓದಬೇಕು. ಸುಳ್ಳು ಹೇಳಿದರೆ ಹಕ್ಕುಚ್ಯುತಿಯಾಗುತ್ತದೆ. ನಾಲ್ಕನ್ನು ಒಂದರಲ್ಲಿ ಬೆರೆಸಿದರೆ ಯಾವ ದೋಷವೂ ತಟ್ಟುವುದಿಲ್ಲ.

ಮಕ್ಕಳ ಪಾಲನೆಯ ಪ್ರಶ್ನೆಗಳಲ್ಲಿ ಈ ಬೆರಕೆ ಎದ್ದು ಕಾಣುತ್ತದೆ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಪ್ರಾಯೋಗಿಕವಾಗಿ ಆರಂಭವಾದಾಗ ಕರ್ನಾಟಕದ ತಿ. ನರಸೀಪುರವೂ ಅವುಗಳಲ್ಲಿ ಒಂದಾಗಿತ್ತು. ಇಂದು ದೇಶದಲ್ಲಿ ಸುಮಾರು 14 ಲಕ್ಷ ಅಂಗನವಾಡಿ ಕೇಂದ್ರಗಳಿವೆ. ಅಲ್ಲಿ ದುಡಿಯುವವರ ವೇತನದ ಬಗ್ಗೆ ಕೇಳಿದಾಗಲೆಲ್ಲ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ ನೀಡುವ ವಿವರಣೆಯೆಂದರೆ, ಕಾರ್ಯಕರ್ತೆಯರು ಸ್ಥಳೀಯ ಸಮುದಾಯದಿಂದ ಸ್ವಇಚ್ಛೆಯಿಂದ ಮುಂದೆ ಬರುವ ಗೌರವ ಸೇವಕಿಯರು, ಅವರಿಗೆ ಸಲ್ಲುವುದು ವೇತನವಲ್ಲ, ಗೌರವಧನ. ಈ ಗೌರವಧನವನ್ನು 2018ರ ಅಕ್ಟೋಬರ್‌ನಲ್ಲಿ ತಿಂಗಳಿಗೆ 3,000 ರೂಪಾಯಿಯಿಂದ 4,500ಕ್ಕೆ, ಸಹಾಯಕಿಯರಿಗೆ 1,500ರಿಂದ 2,250ಕ್ಕೆ ಏರಿಸಲಾಯಿತು. 2025ರ ಅಧಿವೇಶನಗಳ ಉತ್ತರಗಳಲ್ಲೂ ಅದೇ ಮೊತ್ತ ಮುಂದುವರಿದಿದೆ. ರಾಜ್ಯಗಳು ತಮ್ಮ ಬೊಕ್ಕಸದಿಂದ ಹೆಚ್ಚುವರಿ ಸೇರಿಸುತ್ತವೆ ಎಂಬ ಸಾಲು ಉತ್ತರದ ಕೊನೆಗೆ ಇದ್ದೇ ಇರುತ್ತದೆ. ಕರ್ನಾಟಕದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ ಇವರದು ಸರ್ಕಾರಿ ಹುದ್ದೆಯಲ್ಲ ಎಂದಿತ್ತು. ಅದೇ ನ್ಯಾಯಾಲಯ 2022ರ ಏಪ್ರಿಲ್‌ನಲ್ಲಿ, ಗುಜರಾತಿನ ಮೇಲ್ಮನವಿಯಲ್ಲಿ, ಇವರಿಗೆ ಗ್ರಾಚ್ಯುಟಿ ಸಲ್ಲಬೇಕೆಂದು ತೀರ್ಪಿತ್ತಿತು. ಗ್ರಾಚ್ಯುಟಿಗೆ ಅರ್ಹರಾದವರು ಗೌರವ ಸೇವಕಿಯರಾಗಿ ಉಳಿಯುವುದು ಹೇಗೆ ಎಂಬುದು ಉಪಪ್ರಶ್ನೆಗೆ ತಕ್ಕ ವಿಷಯ; ಲಿಖಿತ ಉತ್ತರದಲ್ಲಿ ಅದಕ್ಕೆ ಜಾಗವಿಲ್ಲ.

ಇದೇ ಕಾರ್ಯಕರ್ತೆಯ ಕೈಯಲ್ಲಿ 2021ರ ಮಾರ್ಚ್‌ನಿಂದ ಪೋಷಣ್ ಟ್ರ್ಯಾಕರ್ ಎಂಬ ಮೊಬೈಲ್ ಆ್ಯಪ್ ಇದೆ. ಮಕ್ಕಳ ಹಾಜರಾತಿ, ತೂಕ, ಎತ್ತರ, ಆಹಾರ ವಿತರಣೆ ಎಲ್ಲವನ್ನೂ ಅದರಲ್ಲಿ ದಾಖಲಿಸಬೇಕು; 2025ರ ಜುಲೈನಿಂದ, ಮನೆಗೆ ಒಯ್ಯುವ ಪಡಿತರವನ್ನು ಪಡೆಯುವ ತಾಯಂದಿರ ಮುಖವನ್ನು ಫೋನಿನ ಕ್ಯಾಮೆರಾಕ್ಕೆ ಹಿಡಿದು ಗುರುತು ದೃಢಪಡಿಸಿಕೊಳ್ಳುವುದೂ ಕಡ್ಡಾಯವಾಗಿದೆ. ಮಲೆನಾಡಿನ ಕೊನೆಯ ಊರಿನ ಅಂಗನವಾಡಿಯಲ್ಲಿ ನೆಟ್‌ವರ್ಕ್ ಸಿಗದಿದ್ದರೆ ಪಡಿತರದ ಚೀಲ ಮುಂದಿರುತ್ತದೆ, ತಾಯಿ ಎದುರಿಗಿರುತ್ತಾಳೆ, ಫೋನಿನ ಪರದೆಯ ಮೇಲೆ ಚಕ್ರ ತಿರುಗುತ್ತಿರುತ್ತದೆ. ಈಗ ಪ್ರಶ್ನೆಯನ್ನು ಯಾರಿಗೆ ಕೇಳಬೇಕು? ಲೋಕಸಭೆಯಲ್ಲಿ ಸಚಿವಾಲಯಗಳನ್ನು ಐದು ಗುಂಪುಗಳಾಗಿ ವಿಂಗಡಿಸಿ ಒಂದೊಂದಕ್ಕೆ ವಾರದ ಒಂದೊಂದು ದಿನವನ್ನು ಗೊತ್ತುಮಾಡಲಾಗಿದೆ ಮತ್ತು ಪ್ರತಿ ಪ್ರಶ್ನೆಯೂ ಒಬ್ಬ ಸಚಿವರ ಹೆಸರಿಗೇ ಹೋಗಬೇಕು. ಮಕ್ಕಳ ಅಭಿವೃದ್ಧಿ ಸಚಿವರು ಆ್ಯಪ್‌ಗೆ ಹೊಣೆ, ಸಂಪರ್ಕಕ್ಕಲ್ಲ. ಸಂವಹನ ಸಚಿವರು ಸಂಪರ್ಕಕ್ಕೆ ಹೊಣೆ, ಅಂಗನವಾಡಿಗಲ್ಲ.

ಸಂವಹನ ಸಚಿವಾಲಯದ ಲೆಕ್ಕಾಚಾರವೂ ಬೇರೆಯದೇ. ಎಲ್ಲ ಗ್ರಾಮ ಪಂಚಾಯಿತಿಗಳಿಗೂ ಆಪ್ಟಿಕಲ್ ಫೈಬರ್, ಅಂದರೆ ಬೆಳಕಿನ ಮೂಲಕ ದತ್ತಾಂಶ ಸಾಗಿಸುವ ಗಾಜಿನ ಎಳೆಯ ತಂತಿ, ಎಳೆಯುವ ಯೋಜನೆಗೆ ಕೇಂದ್ರ ಸಂಪುಟ 2011ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಎರಡು ವರ್ಷಗಳಲ್ಲಿ ಮುಗಿಯಬೇಕಿದ್ದ ಅದರ ಅಂದಾಜು ವೆಚ್ಚ ಸುಮಾರು 20,000 ಕೋಟಿ ರೂಪಾಯಿ. ಹೆಸರು ಭಾರತ್‌ನೆಟ್ ಎಂದು ಬದಲಾಯಿತು, ಮೊದಲ ಹಂತದ ಒಂದು ಲಕ್ಷ ಪಂಚಾಯಿತಿಗಳು 2017ರ ಡಿಸೆಂಬರ್‌ಗೆ ಪೂರ್ಣಗೊಂಡವು, ಗಡುವು ಹಲವು ಬಾರಿ ಮುಂದೆ ಹೋಯಿತು, 2023ರ ಆಗಸ್ಟ್‌ನಲ್ಲಿ 1,39,579 ಕೋಟಿ ರೂಪಾಯಿಯ ಪರಿಷ್ಕೃತ ಕಾರ್ಯಕ್ರಮಕ್ಕೆ ಮಂಜೂರಾತಿ ದೊರೆಯಿತು. ಸದನದ ಉತ್ತರಗಳಲ್ಲಿ ಮುಂದಿಡುವ ಅಂಕಿ 2.1 ಲಕ್ಷಕ್ಕೂ ಹೆಚ್ಚು ಪಂಚಾಯಿತಿಗಳು ‘ಸೇವೆಗೆ ಸಿದ್ಧ’ ಎಂಬುದು. ತಂತಿ ಬಂದಿದೆ, ಉಪಕರಣ ಕೂತಿದೆ ಎಂಬುದಷ್ಟೇ ಇದರ ಅರ್ಥ. ಇಂದು ಅಲ್ಲಿ ಸಂಪರ್ಕ ಜೀವಂತವಿದೆಯೇ, ಪಂಚಾಯಿತಿ ಕಟ್ಟಡದಿಂದ ಮುಂದೆ ಶಾಲೆಗೆ, ಅಂಗನವಾಡಿಗೆ ತಂತಿ ಹೋಗಿದೆಯೇ ಎಂಬುದು ಆ ಅಂಕಿಯಲ್ಲಿ ಅಡಗಿಲ್ಲ. ಹಳೆಯ ವಿನ್ಯಾಸದಲ್ಲಿ ತಾಲ್ಲೂಕು ಮಟ್ಟದಿಂದ ಪಂಚಾಯಿತಿಗಳಿಗೆ ಒಂದೇ ದಿಕ್ಕಿನಲ್ಲಿ ತಂತಿ ಸಾಗುತ್ತಿದ್ದುದರಿಂದ, ರಸ್ತೆ ಅಗಲೀಕರಣಕ್ಕೆ ಬಂದ ಜೆಸಿಬಿ ಒಂದು ಕಡೆ ಕತ್ತರಿಸಿದರೆ ಅದರಾಚೆಯದೆಲ್ಲ ಸ್ತಬ್ಧವಾಗುತ್ತಿತ್ತು. 2023ರ ಕಾರ್ಯಕ್ರಮ ಉಂಗುರದಾಕಾರದ ಜಾಲವನ್ನು ಆರಿಸಿಕೊಂಡಿರುವುದೇ ಹಿಂದಿನ ‘ಸಿದ್ಧ’ ಸ್ಥಿತಿ ಎಷ್ಟು ಗಟ್ಟಿಯಾಗಿತ್ತು ಎಂಬುದಕ್ಕೆ ಸರ್ಕಾರವೇ ಬರೆದುಕೊಟ್ಟ ಒಪ್ಪಿಗೆ. ವೇಗದ ಮಾನದಂಡದ ಕಥೆಯೂ ಹೀಗೆಯೇ: ಸೆಕೆಂಡಿಗೆ 512 ಕಿಲೋಬಿಟ್ ಇದ್ದರೂ ಬ್ರಾಡ್‌ಬ್ಯಾಂಡ್ ಎಂದು ಎಣಿಸುವ ಪದ್ಧತಿ ಸುಮಾರು ಒಂದು ದಶಕ ಉಳಿದು, 2023ರ ಜನವರಿಯಲ್ಲಷ್ಟೇ ಅದು 2 ಮೆಗಾಬಿಟ್‌ಗೆ ಏರಿತು.

ಕೈಗಾರಿಕಾ ನೀತಿಯ ಉತ್ತರಗಳಿಗೆ ಬಂದರೆ ಸಂಖ್ಯೆಗಳು ಇನ್ನೂ ದೊಡ್ಡವು. ಉತ್ಪಾದನೆ ಆಧಾರಿತ ಪ್ರೋತ್ಸಾಹಧನ, ಅಂದರೆ ಪಿಎಲ್‌ಐ, ಕಾರ್ಖಾನೆಯು ಹೆಚ್ಚುವರಿಯಾಗಿ ಮಾರಿದ ಸರಕಿನ ಮೌಲ್ಯದ ಇಂತಿಷ್ಟು ಭಾಗವನ್ನು ಸರ್ಕಾರ ನಗದಾಗಿ ಮರಳಿಸುವ ಏರ್ಪಾಡು. 2020ರಲ್ಲಿ ಮೊಬೈಲ್ ಫೋನ್ ಮುಂತಾದವುಗಳಿಂದ ಆರಂಭವಾಗಿ 14 ವಲಯಗಳಿಗೆ ಹರಡಿದ ಇದಕ್ಕೆ ಘೋಷಿಸಿದ ಒಟ್ಟು ಮೊತ್ತ 1.97 ಲಕ್ಷ ಕೋಟಿ ರೂಪಾಯಿ. ಸರ್ಕಾರ ನೀಡಿದ ಮಾಹಿತಿಯಂತೆ 2025ರ ಮಾರ್ಚ್ ವೇಳೆಗೆ ಸುಮಾರು 1.76 ಲಕ್ಷ ಕೋಟಿ ರೂಪಾಯಿ ಹೂಡಿಕೆಯಾಗಿದ್ದು, 12 ಲಕ್ಷಕ್ಕೂ ಹೆಚ್ಚು ‘ನೇರ ಮತ್ತು ಪರೋಕ್ಷ’ ಉದ್ಯೋಗ ಸೃಷ್ಟಿಯಾಗಿದೆ. ನೇರ ಉದ್ಯೋಗವನ್ನು ಭವಿಷ್ಯ ನಿಧಿಯ ಖಾತೆಗಳಿಂದ ಎಣಿಸಬಹುದು. ಪರೋಕ್ಷವೆಂಬುದು ಬಹುಮಟ್ಟಿಗೆ ಅಂದಾಜು. ಎರಡನ್ನೂ ಒಂದೇ ಮೊತ್ತದಲ್ಲಿ ಕೂಡಿಸಿದ ಮೇಲೆ ಪರೀಕ್ಷಿಸಲು ಏನೂ ಉಳಿಯುವುದಿಲ್ಲ.

ಕರ್ನಾಟಕಕ್ಕೆ ಇದು ದೂರದ ಮಾತಲ್ಲ. ಕೋಲಾರದ ನರಸಾಪುರ ಮತ್ತು ಬೆಂಗಳೂರು ಗ್ರಾಮಾಂತರದ ದೇವನಹಳ್ಳಿಯಲ್ಲಿ ತಲೆಯೆತ್ತಿರುವ ಫೋನ್ ಜೋಡಣೆಯ ಕಾರ್ಖಾನೆಗಳು ಯುವತಿಯರ ದುಡಿಮೆಯನ್ನೇ ಹೆಚ್ಚಾಗಿ ನೆಚ್ಚಿಕೊಂಡಿವೆ. ಈ ಯುವತಿಯರು ಮದುವೆಯಾಗಿ ಮಗುವಾದ ಮೇಲೂ ಪಾಳಿಗೆ ಮರಳಬಲ್ಲರೇ ಎಂಬುದು ಕೈಗಾರಿಕಾ ನೀತಿಯ ಪ್ರಶ್ನೆಯೂ ಹೌದು, ಮಕ್ಕಳ ಪಾಲನೆಯ ಪ್ರಶ್ನೆಯೂ ಹೌದು. 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆ ಶಿಶುಪಾಲನಾ ಕೇಂದ್ರ ಒದಗಿಸಬೇಕೆಂದು ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿ ವಿಧಿಸಿತು, 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೂ ಆ ನಿಯಮವನ್ನು ಉಳಿಸಿಕೊಂಡಿದೆ. ಆದರೂ ಪ್ರೋತ್ಸಾಹಧನ ಪಡೆದ ಕಾರ್ಖಾನೆಗಳ ಪೈಕಿ ಎಷ್ಟರಲ್ಲಿ ಶಿಶುಪಾಲನಾ ಕೇಂದ್ರವಿದೆ ಎಂದು ಕೇಳುವವರು ಮೊದಲು ಸರಿಯಾದ ಸಚಿವರನ್ನು ಹುಡುಕಬೇಕು: ಹಣ ಹಂಚುವುದು ಎಲೆಕ್ಟ್ರಾನಿಕ್ಸ್ ಅಥವಾ ಕೈಗಾರಿಕೆ ಸಚಿವಾಲಯ, ಕಾನೂನು ಕಾರ್ಮಿಕ ಸಚಿವಾಲಯದ್ದು, ತಪಾಸಣೆ ಬಹುಪಾಲು ರಾಜ್ಯದ್ದು, ‘ಪಾಲ್ನಾ’ ಹೆಸರಿನ ಅಂಗನವಾಡಿ-ಶಿಶುಪಾಲನಾ ಯೋಜನೆ ಮಹಿಳಾ ಸಚಿವಾಲಯದ್ದು. ನರೇಗಾ ಕೂಲಿಕಾರ ತಾಯಂದಿರಿಗಾಗಿ ಕರ್ನಾಟಕ 4,000 ಗ್ರಾಮ ಪಂಚಾಯಿತಿಗಳಲ್ಲಿ ಹಮ್ಮಿಕೊಂಡ ‘ಕೂಸಿನ ಮನೆ’ ಗ್ರಾಮೀಣಾಭಿವೃದ್ಧಿ ಇಲಾಖೆಯ ಪಾಲಿಗೆ ಬಂದಿದೆ. ಕೂಸು ಒಂದೇ, ಅದನ್ನು ಎತ್ತಿಕೊಳ್ಳಬೇಕಾದ ಖಾತೆಗಳು ಐದು.

ಇಂಥ ಕಡೆ ಸಚಿವಾಲಯಗಳಿಗೆ ಆಸರೆಯಾಗುವುದು ‘ಇಂಥ ಮಾಹಿತಿಯನ್ನು ಕೇಂದ್ರವು ನಿರ್ವಹಿಸುವುದಿಲ್ಲ’ ಎಂಬ ಸಿದ್ಧ ವಾಕ್ಯ. ಅದರ ಅಪಾಯ ಎಲ್ಲರಿಗೂ ಕಂಡದ್ದು 2020ರ ಸೆಪ್ಟೆಂಬರ್‌ನಲ್ಲಿ, ಲಾಕ್‌ಡೌನ್ ಕಾಲದಲ್ಲಿ ಊರಿಗೆ ಮರಳುವಾಗ ಸತ್ತ ವಲಸೆ ಕಾರ್ಮಿಕರ ಲೆಕ್ಕ ತನ್ನಲ್ಲಿಲ್ಲ ಎಂದು ಕಾರ್ಮಿಕ ಸಚಿವಾಲಯ ಲಿಖಿತ ಉತ್ತರ ಕೊಟ್ಟಾಗ. ಕೋವಿಡ್ ಕಾರಣಕ್ಕೆ ಆ ಅಧಿವೇಶನದಲ್ಲಿ ಪ್ರಶ್ನೋತ್ತರ ಕಲಾಪವನ್ನೇ ಕೈಬಿಟ್ಟು ಲಿಖಿತ ಉತ್ತರಗಳನ್ನಷ್ಟೇ ಉಳಿಸಲಾಗಿತ್ತು. ಲೆಕ್ಕ ಯಾಕಿಲ್ಲ, ಯಾರು ಇಡಬೇಕಿತ್ತು ಎಂದು ಆ ಗಳಿಗೆಯಲ್ಲಿ ಕೇಳುವ ದಾರಿ ಯಾವ ಸದಸ್ಯರಿಗೂ ಇರಲಿಲ್ಲ. ಲಿಖಿತ ಉತ್ತರ ಇದ್ದೇ ಇದೆಯಲ್ಲ, ಕಲಾಪ ನಿಂತರೇನು ಎಂಬ ಸಮರ್ಥನೆ ಎಷ್ಟು ಪೊಳ್ಳು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ವ್ಯವಸ್ಥೆಯೊಳಗೇ ಒಂದಿಷ್ಟು ಪರಿಹಾರವಿದೆ. ‘ಪರಿಶೀಲನೆಯಲ್ಲಿದೆ’, ‘ಮಾಹಿತಿ ಸಂಗ್ರಹಿಸಿ ಸದನದ ಮುಂದಿಡಲಾಗುವುದು’ ಎಂಬ ಮಾತುಗಳನ್ನು ಸಚಿವರ ಭರವಸೆಯೆಂದು ದಾಖಲಿಸಿ, ಮೂರು ತಿಂಗಳೊಳಗೆ ಅದು ಈಡೇರಿತೇ ಎಂದು ನೋಡುವ ಸರ್ಕಾರಿ ಭರವಸೆಗಳ ಸಮಿತಿ ಲೋಕಸಭೆಯಲ್ಲಿ 1953ರಿಂದಲೂ ಇದೆ. ಆದರೆ ‘ಮಾಹಿತಿ ನಿರ್ವಹಿಸುವುದಿಲ್ಲ’ ಎಂಬುದರಲ್ಲಿ ಯಾವ ಭರವಸೆಯೂ ಇಲ್ಲದ ಕಾರಣ ಅದು ಸಮಿತಿಯ ಕೈಗೆ ಸಿಗುವುದೇ ಇಲ್ಲ. ಏನನ್ನೋ ಮಾಡುವುದಾಗಿ ಹೇಳಿದ ಸಚಿವರು ಲೆಕ್ಕ ಒಪ್ಪಿಸಬೇಕು, ಲೆಕ್ಕವನ್ನೇ ಇಡದವರು ಪಾರಾಗುತ್ತಾರೆ. ಇತ್ತೀಚಿನ ಉತ್ತರವೊಂದರ ಮೇಲೆ ಅರ್ಧ ಗಂಟೆ ಚರ್ಚೆ ಕೋರುವ ನಿಯಮವೂ ಇದೆ, ಬಳಕೆ ಅಪರೂಪ. ಹೊಣೆಯ ಒಂದು ಪಾಲು ಸಂಸದರ ಮೇಲೂ ಇದೆ: ‘ಸರ್ಕಾರ ಕೈಗೊಂಡ ಕ್ರಮಗಳೇನು’ ಎಂದು ಕೇಳಿದವರಿಗೆ ಕ್ರಮಗಳ ಪಟ್ಟಿಯೇ ಸಿಗುತ್ತದೆ, ‘ಕಳೆದ ತಿಂಗಳು ಎಷ್ಟು ಪಂಚಾಯಿತಿಗಳಲ್ಲಿ ಸಂಪರ್ಕ ಕೆಲಸ ಮಾಡುತ್ತಿತ್ತು’ ಎಂದು ಕೇಳಿದರೆ ಸಚಿವಾಲಯ ಒಂದು ಸಂಖ್ಯೆಯನ್ನಾದರೂ ಕೊಡಬೇಕಾಗುತ್ತದೆ, ಇಲ್ಲವೇ ಅದು ತನ್ನಲ್ಲಿಲ್ಲವೆಂದು ಒಪ್ಪಿಕೊಳ್ಳಬೇಕಾಗುತ್ತದೆ.

ಆದ್ದರಿಂದ ಪ್ರಶ್ನೆಯ ಪ್ರತಿ ಭಾಗಕ್ಕೂ ಬೇರೆಬೇರೆಯಾಗಿಯೇ ಉತ್ತರಿಸಬೇಕೆಂದು ವಿಧಿಸುವುದು, ಎರಡು ಮೂರು ಖಾತೆಗಳಿಗೆ ಸೇರಿದ ವಿಷಯಕ್ಕೆ ವಾರದಲ್ಲಿ ಒಂದು ದಿನ ಸಂಬಂಧಪಟ್ಟ ಸಚಿವರೆಲ್ಲರೂ ಒಟ್ಟಿಗೆ ಉತ್ತರಿಸುವಂತೆ ಮಾಡುವುದು, ಮಾಹಿತಿ ಇಲ್ಲವೆಂಬ ಉತ್ತರವನ್ನೂ ಭರವಸೆಗಳ ಸಮಿತಿಯ ಪರಿಶೀಲನೆಗೆ ಒಳಪಡಿಸುವುದು ಈಗ ಆಗಬೇಕಾದ ಕೆಲಸ. ಇವುಗಳಲ್ಲಿ ಯಾವುದಕ್ಕೂ ಸಂವಿಧಾನದ ತಿದ್ದುಪಡಿ ಬೇಕಿಲ್ಲ, ಹೊಸ ಕಾಯ್ದೆಯೂ ಬೇಕಿಲ್ಲ. ಸದನದ ನಿಯಮ ಸಮಿತಿ ಮನಸ್ಸು ಮಾಡಿ ಶಿಫಾರಸು ಮಾಡಿದರೆ, ಸದನ ಅದಕ್ಕೆ ಒಪ್ಪಿದರೆ ಸಾಕು.