ಮಕ್ಕಳ ‘ಮುಂದೇನು?’ ಎಂಬ ಚಿಂತೆ

ಎಸ್ಸೆಸ್ಸೆಲ್ಸಿ ಫಲಿತಾಂಶ ಪ್ರಕಟವಾದೊಡನೆ ನಮ್ಮ ಮನೆಗಳಲ್ಲಿ ಕೇಳಿಬರುವ ಪ್ರಶ್ನೆ ಒಂದೇ: ‘ಮುಂದೇನು?’ ಬಂಧುಗಳು ಕೇಳುತ್ತಾರೆ, ನೆರೆಕರೆಯವರು ಕೇಳುತ್ತಾರೆ, ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವರೂ ಕೇಳುತ್ತಾರೆ. ಉತ್ತರವನ್ನು ಮಾತ್ರ ತಂದೆತಾಯಿಯರೇ ಹೇಳಿಬಿಡುತ್ತಾರೆ. ಪರೀಕ್ಷೆ ಬರೆದ ಹುಡುಗನೋ ಹುಡುಗಿಯೋ ತಲೆ ತಗ್ಗಿಸಿ ನಿಂತಿರುವುದು ಯಾರ ಗಮನಕ್ಕೂ ಬರುವುದಿಲ್ಲ.

ಅಧ್ಯಾಪನ ವೃತ್ತಿಯಲ್ಲಿರುವ ನಾವು ಒಮ್ಮೆ ಹತ್ತನೆಯ ತರಗತಿಯ ಮಕ್ಕಳಿಗೆ ‘ಹತ್ತು ವರ್ಷಗಳ ಅನಂತರ ನಾನು’ ಎಂಬ ಪ್ರಬಂಧವನ್ನು ಬರೆಯಹೇಳಿದೆವು. ವೈದ್ಯವೃತ್ತಿ, ಇಂಜಿನಿಯರಿಂಗ್, ಗಲ್ಫಿನ ಉದ್ಯೋಗ ಇವೆಲ್ಲ ನಿರೀಕ್ಷಿತವೇ. ಆದರೆ ಕಲಿಕೆಯಲ್ಲಿ ಸದಾ ಮುಂದಿದ್ದ ಹುಡುಗಿಯೊಬ್ಬಳು ಬರೆದದ್ದು ಎರಡೇ ವಾಕ್ಯ: ‘ನನಗೆ ಗೊತ್ತಿಲ್ಲ. ಕನ್ನಡ ಮೀಡಿಯಂನವರಿಗೆ ಭವಿಷ್ಯವಿಲ್ಲವೆಂದು ಮನೆಯಲ್ಲಿ ಹೇಳುತ್ತಾರೆ.’

ಈ ಮಾತು ಆ ಮನೆಗೆ ಎಲ್ಲಿಂದ ಬಂತೆಂಬುದನ್ನು ಓದುಗರಿಗೆ ವಿವರಿಸಬೇಕಾಗಿಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಚಂದ್ರಗಿರಿಯ ಉತ್ತರ ಭಾಗವು ಕರ್ನಾಟಕಕ್ಕೆ ಸೇರಬೇಕೆಂದು ಮಹಾಜನ ಆಯೋಗವು 1967ರಲ್ಲಿ ಹೇಳಿದರೂ ಅದು ಕಾಗದದಲ್ಲೇ ಉಳಿಯಿತು. ಕನ್ನಡ ಅರಿಯದ ಅಧ್ಯಾಪಕರನ್ನು ಕನ್ನಡ ತರಗತಿಗಳಿಗೆ ನೇಮಿಸಿದಾಗ ಮಕ್ಕಳೂ ರಕ್ಷಕರೂ ಪ್ರತಿಭಟಿಸಬೇಕಾಯಿತು. ನಮ್ಮ ದೂರು ನ್ಯಾಯವಾದದ್ದೇ ಸರಿ. ಆದರೆ ಅದನ್ನು ಊಟದ ಹೊತ್ತಿನಲ್ಲಿ ಮಕ್ಕಳ ಮುಂದೆ ನಾವು ಆಡುವ ರೀತಿ ಸರಿಯೇ? ಕನ್ನಡಕ್ಕೆ ಇಲ್ಲಿ ಭವಿಷ್ಯವಿಲ್ಲವೆಂದು ಹಿರಿಯರು ನಿಟ್ಟುಸಿರು ಬಿಟ್ಟರೆ, ತನಗೇ ಭವಿಷ್ಯವಿಲ್ಲವೆಂದು ಮಗು ತಿಳಿದುಕೊಳ್ಳುತ್ತದೆ.

ಪ್ಲಸ್ ಟು ತರಗತಿಗೆ ಸೇರಿದ ಮೊದಲ ತಿಂಗಳುಗಳಲ್ಲಿ ಈ ಭಯ ಇನ್ನಷ್ಟು ಬಲಿಯುತ್ತದೆ. ಪುಸ್ತಕ ಇಂಗ್ಲಿಷಿನದು, ತರಗತಿಯ ಮಾತು ಹೆಚ್ಚಾಗಿ ಮಲಯಾಳದ್ದು, ಮನೆಮಾತು ತುಳುವೋ ಕೊಂಕಣಿಯೋ ಹವ್ಯಕ ಕನ್ನಡವೋ. ಅರ್ಥವಾಗದ್ದನ್ನು ಕೇಳಲು ನಾಚಿಕೆ. ನಿದ್ದೆ ಬಾರದಿರುವುದು, ಊಟ ಸೇರದಿರುವುದು, ಸಿಡುಕು, ಗೆಳೆಯರಿಂದ ದೂರವಾಗುವುದು ಇವನ್ನೆಲ್ಲ ಸೋಮಾರಿತನವೆಂದೂ ಮೊಬೈಲಿನ ಹುಚ್ಚೆಂದೂ ನಾವು ಗದರಿಸುತ್ತೇವೆ. ವಾರಗಟ್ಟಲೆ ಮುಂದುವರಿದರೆ ಇವು ಮಾನಸಿಕ ಅಸ್ವಾಸ್ಥ್ಯದ ಲಕ್ಷಣಗಳಾಗಿರಬಹುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ 13ರಿಂದ 17ರ ವಯಸ್ಸಿನವರ ಪೈಕಿ ಶೇಕಡಾ 7.3 ಮಂದಿಯಲ್ಲಿ ಇಂತಹ ತೊಂದರೆ ಕಂಡುಬಂದಿತ್ತು. ಎಂದರೆ ನಲವತ್ತು ಮಕ್ಕಳ ತರಗತಿಗೆ ಸುಮಾರು ಮೂವರು. ಜ್ವರಕ್ಕೆ ಇರುವಂತೆ ಇದಕ್ಕೂ ಚಿಕಿತ್ಸೆಯಿದೆ, ಇದರಲ್ಲಿ ಮಾನಹಾನಿಯೇನೂ ಇಲ್ಲ. ಬದುಕು ಬೇಡವೆಂಬ ಮಾತು ಮಗುವಿನ ಬಾಯಲ್ಲಿ ಬಂದರಂತೂ ಅದನ್ನು ನಾಟಕವೆಂದು ತಳ್ಳಿಹಾಕದೆ ಅಂದೇ ವೈದ್ಯರಲ್ಲಿಗೆ ಕರೆದೊಯ್ಯತಕ್ಕದ್ದು.

ರಾಜ್ಯದ ಅನೇಕ ಸರಕಾರಿ ಶಾಲೆಗಳಲ್ಲಿ ಮಕ್ಕಳ ಅಳಲು ಕೇಳಲು ಕೌನ್ಸೆಲರ್‌ಗಳಿರುವುದು ಶ್ಲಾಘನೀಯ. ಆದರೆ ಗಣಿತವನ್ನು ಪರಭಾಷೆಯಲ್ಲಿ ಹೇಗೋ ಕಲಿಯಬಹುದು, ಮನಸ್ಸಿನ ನೋವನ್ನು ತೋಡಿಕೊಳ್ಳುವುದು ಕಷ್ಟ. ಆದುದರಿಂದ ಕನ್ನಡ ಮಕ್ಕಳು ಕಲಿಯುವ ಶಾಲೆಗಳಿಗೆ ಕನ್ನಡ ಬಲ್ಲ ಕೌನ್ಸೆಲರ್‌ಗಳನ್ನೇ ನೇಮಿಸಬೇಕೆಂದು ಅಧಿಕಾರಿಗಳನ್ನು ಒತ್ತಾಯಿಸುತ್ತೇವೆ. ಕೇಂದ್ರ ಸರಕಾರವು 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲಿರುಳೂ ಉಚಿತವಾಗಿ ದೊರೆಯುವ ಈ ಸೇವೆಯ ಭಾಷೆಗಳಲ್ಲಿ ಕನ್ನಡವೂ ಒಂದು. ಈ ಸಂಖ್ಯೆಯನ್ನು ಶಾಲೆಯ ಗೋಡೆಯಲ್ಲಿ ಬರೆಸಲು ಯಾವ ಆಯೋಗದ ವರದಿಯೂ ಬೇಕಾಗಿಲ್ಲ, ಅಧ್ಯಾಪಕ-ರಕ್ಷಕ ಸಂಘ ಮನಸ್ಸು ಮಾಡಿದರೆ ಸಾಕು.

ಕನ್ನಡ ಮಾಧ್ಯಮದಲ್ಲಿ ಕಲಿತವರು ವೈದ್ಯರಾಗಿ, ವಕೀಲರಾಗಿ, ಬ್ಯಾಂಕ್ ನೌಕರರಾಗಿ, ಒಳ್ಳೆಯ ಕೃಷಿಕರಾಗಿ ನಮ್ಮ ನಡುವೆಯೇ ಇದ್ದಾರೆ. ಅಂಥವರನ್ನು ಶಾಲೆಗೆ ಕರೆಸಿ, ಅವರು ಎಡವಿದ್ದನ್ನೂ ಎದ್ದದ್ದನ್ನೂ ಮಕ್ಕಳ ಮುಂದೆ ಹೇಳಿಸೋಣ.

ಇನ್ನು ಮನೆಯಲ್ಲಿ ಮಾಡಬೇಕಾದ ಕೆಲಸಕ್ಕೆ ಖರ್ಚೇ ಇಲ್ಲ. ‘ಮುಂದೇನು?’ ಎಂದು ಯಾರಾದರೂ ಕೇಳಿದಾಗ ನಾವು ಉತ್ತರಿಸದೆ ಮಗುವಿಗೆ ಬಿಡೋಣ. ‘ಇನ್ನೂ ಗೊತ್ತಿಲ್ಲ’ ಎಂದು ಅದು ಹೇಳಿದರೆ ಸಿಡುಕದೆ ಕೇಳೋಣ. ಭಾಷೆಯ ಹಕ್ಕಿಗಾಗಿ ನಾವು ಹೋರಾಡುವುದು ಇದ್ದೇ ಇದೆ. ಅದರಲ್ಲಿ ನಮಗಾದ ನಿರಾಶೆಯನ್ನು ಹದಿನೈದರ ಮಕ್ಕಳ ತಲೆಗೆ ಹೊರಿಸುವುದು ಬೇಡ.