ಮೀಟರ್ ಕೆಂಪು ತೋರಿಸಿದ್ರೆ ಎಂಜಿನ್ನೇ ಕೆಟ್ಟಿದೆ ಅಂತಲ್ಲ: ಸಾಂಬ್ರಾ ತರಬೇತಿ ವಿಮಾನಗಳ ಬಿಸಿಯ ಲೆಕ್ಕ

ಸಾಂಬ್ರಾ ಸುತ್ತಮುತ್ತ ತರಬೇತಿ ವಿಮಾನದ ಸದ್ದು ಚೂರು ಬದಲಾದ್ರೂ ಹೊಲದಲ್ಲಿರೋರು ತಲೆ ಎತ್ತಿ ನೋಡ್ತಾರೆ. ಕಾರಣ ಇದೆ. 2023ರ ಮೇ 30ರಂದು ಇಲ್ಲಿಂದ ಹಾರಿದ ಎರಡು ಸೀಟಿನ ತರಬೇತಿ ವಿಮಾನ ತಾಂತ್ರಿಕ ದೋಷದಿಂದ ಹೊನ್ನಿಹಾಳ ಹತ್ತಿರದ ಹೊಲದಲ್ಲಿ ತುರ್ತಾಗಿ ಇಳಿದಿತ್ತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಪಕ್ಕದ ಮಹಾರಾಷ್ಟ್ರದ ಬಾರಾಮತಿಯಲ್ಲಿ ಒಂದೇ ವಾರದೊಳಗೆ ಎರಡು ತರಬೇತಿ ವಿಮಾನ ಬಿದ್ದವು. ಆಮೇಲೆ ಯಾವ ವಿಮಾನ ಅರ್ಧಕ್ಕೇ ವಾಪಸ್ ಬಂದ್ರೂ ಚಹಾದಂಗಡಿಯಲ್ಲಿ ಒಂದೇ ಮಾತು, "ಎಂಜಿನ್ ಹೀಟ್ ಆಗಿರ್ಬೇಕು." ಆ ಘಟನೆಗಳಿಗೆ ಹೀಟೇ ಕಾರಣ ಅಂತ ನಾನು ಹೇಳ್ತಿಲ್ಲ. ಆದ್ರೆ ಈ ಹೀಟ್ ಅನ್ನೋದನ್ನ ಸರಿಯಾಗಿ ತಿಳ್ಕೊಳ್ಳೋದು ಒಳ್ಳೇದು.

ಸೆಸ್ನಾ 172ರಂಥ ವಿಮಾನದ ಎಂಜಿನ್‌ಗೆ ರೇಡಿಯೇಟರ್ ಇಲ್ಲ, ನೀರಿಲ್ಲ. ನಮ್ಮ ಬೈಕ್ ಥರಾ ಗಾಳಿಯಿಂದಲೇ ತಣ್ಣಗಾಗಬೇಕು. ನಾಲ್ಕು ಸಿಲಿಂಡರ್, ಒಂದೊಂದಕ್ಕೂ ಎರಡೆರಡು ಸ್ಪಾರ್ಕ್ ಪ್ಲಗ್. ಪೈಲಟ್ ಮುಂದೆ ಮುಖ್ಯವಾಗಿ ಎರಡು ಬಿಸಿ ಕಾಣುತ್ತೆ: ಸಿಲಿಂಡರ್ ತಲೆಯದ್ದು, ಹೊಗೆಯದ್ದು. ಇದರಲ್ಲಿ ಬಳಸೋ ಲೈಕಮಿಂಗ್ ಎಂಜಿನ್‌ನ ಸಿಲಿಂಡರ್ ತಲೆಗೆ ಗರಿಷ್ಠ ಮಿತಿ 500 ಡಿಗ್ರಿ ಫ್ಯಾರನ್‌ಹೀಟ್, ಅಂದ್ರೆ 260 ಸೆಲ್ಸಿಯಸ್. ಬಾಳಿಕೆ ಬರಬೇಕಂದ್ರೆ ಸತತ ಹಾರಾಟದಲ್ಲಿ 435 ದಾಟಿಸಬೇಡಿ ಅಂತಾರೆ.

ಒಂದೇ ಸಿಲಿಂಡರ್‌ನ ಮುಳ್ಳು ಒಂದು ಸೆಕೆಂಡಲ್ಲಿ ನೂರು ಡಿಗ್ರಿ ಜಿಗಿದ್ರೆ ಅದು ಬಹುತೇಕ ಸುಳ್ಳು. ಅಷ್ಟು ಲೋಹ ಅಷ್ಟು ಬೇಗ ಕಾಯೋದಿಲ್ಲ. ವೈರ್ ಸಡಿಲ ಇರುತ್ತೆ, ಜಾಯಿಂಟ್ ತುಕ್ಕು ಹಿಡಿದಿರುತ್ತೆ. ಮೆಕ್ಯಾನಿಕ್ ಮಾಡೋ ಪರೀಕ್ಷೆ ಸರಳ: ಎರಡು ಸಿಲಿಂಡರ್‌ಗಳ ಸೆನ್ಸರ್ ಅದಲುಬದಲು ಮಾಡೋದು. ತಪ್ಪು ರೀಡಿಂಗ್ ಸೆನ್ಸರ್ ಜೊತೆ ಹೋದ್ರೆ ಸೆನ್ಸರ್ ಕೆಟ್ಟಿದೆ. ಹೋಗಲಿಲ್ಲ ಅಂದ್ರೆ ವೈರಿಂಗ್, ಮೀಟರ್, ಇಲ್ಲಾಂದ್ರೆ ಸಿಲಿಂಡರನ್ನೇ ನೋಡಬೇಕು.

ಹೊಗೆಯ ಬಿಸಿ ಏರಿ ತಲೆಯ ಬಿಸಿ ಸ್ವಲ್ಪ ಇಳಿದ್ರೆ ಒಂದು ಪ್ಲಗ್ ಕೆಲಸ ಮಾಡ್ತಿಲ್ಲ ಅಂತ ಅನುಮಾನ ಪಡಬೇಕು. ಇಂಧನ ನಿಧಾನವಾಗಿ ಉರಿದು, ಇನ್ನೂ ಉರೀತಿರುವಾಗಲೇ ಆಚೆ ಹೋಗುತ್ತೆ. ವಿಮಾನದ ಪೆಟ್ರೋಲ್‌ನಲ್ಲಿ ಈಗಲೂ ಸೀಸ ಇದೆ, ಅದು ಪ್ಲಗ್ ಮೇಲೆ ಕಟ್ಟಿಕೊಳ್ಳುತ್ತೆ.

ಹೆದರಬೇಕಾದ್ದು ಇದರ ಉಲ್ಟಾ. ತಲೆಯ ಬಿಸಿ ಸರಸರ ಏರ್ತಿದೆ, ಹೊಗೆಯದ್ದು ಇಳೀತಿದೆ ಅಂದ್ರೆ ಒಳಗೆ ಇಂಧನ ಹೊತ್ತಲ್ಲದ ಹೊತ್ತಲ್ಲಿ ಉರೀತಿದೆ. ಪಿಸ್ಟನ್ ತೂತಾಗೋಕೆ ನಿಮಿಷಗಳು ಸಾಕು. ಕೂಡಲೇ ಪವರ್ ಇಳಿಸಿ, ಇಂಧನದ ಪಾಲು ಹೆಚ್ಚಿಸಿ, ಇಳಿಯೋ ಜಾಗ ನೋಡಬೇಕು.

ನಾಲ್ಕೂ ಸಿಲಿಂಡರ್ ಒಟ್ಟಿಗೆ ನಿಧಾನವಾಗಿ ಕಾದ್ರೆ ಗಾಳಿ ಸಾಲ್ತಿಲ್ಲ. ಕಲಬುರಗಿ ಬೇಸಿಗೆ 40 ದಾಟುತ್ತೆ, ಅಂಥಲ್ಲಿ ಮೂತಿ ಎತ್ತಿ ನಿಧಾನಕ್ಕೆ ಏರಿದ್ರೆ ಹೀಗಾಗುತ್ತೆ. ಮೂತಿ ತುಸು ಇಳಿಸಿ ವೇಗ ಹೆಚ್ಚಿಸಿದ್ರೆ ಸರಿಹೋಗಬೇಕು. ಹೋಗದಿದ್ರೆ ಗಾಳಿ ದಾರಿಯ ರಬ್ಬರ್ ಸೀಲ್ ಹರಿದಿದೆಯಾ, ಹಕ್ಕಿ ಗೂಡು ಕಟ್ಟಿದೆಯಾ ನೋಡ್ತಾರೆ.

ಹೊಸ ಸೆಸ್ನಾಗಳ ಗಾರ್ಮಿನ್ ಪರದೆ ಈ ಅಂಕಿಗಳನ್ನ ಸೆಕೆಂಡಿಗೊಮ್ಮೆ ಕಾರ್ಡ್‌ನಲ್ಲಿ ಬರೆದಿಡಬಲ್ಲದು. ನಾವು ಕೇಳಬೇಕಾದ ಪ್ರಶ್ನೆ ಇಲ್ಲಿದೆ: ಆ ಕಾರ್ಡ್ ಯಾರಾದ್ರೂ ತೆಗೆದು ಓದ್ತಾರಾ, ಇಲ್ಲಾ ಏನಾದ್ರೂ ಆದ್ಮೇಲೆ ಮಾತ್ರನಾ? ಒಂದು ಗಂಟೆ ಹಾರಾಟಕ್ಕೆ ಸಾವಿರಾರು ರೂಪಾಯಿ ಕಟ್ಟೋ ಹುಡುಗ ಅನುಮಾನದ ರೀಡಿಂಗ್ ಕಂಡರೂ "ಮೀಟರ್ ಸರಿ ಇಲ್ಲ ಬಿಡು" ಅಂದ್ಕೊಳ್ಳೋ ಆಸೆ ದೊಡ್ಡದು. ಅದಕ್ಕೇ ವಾಪಸ್ ಬಂದವನ ವಿಡಿಯೋ ಹಾಕಿ ನಗೋದು ನನಗೆ ಸರಿ ಅನ್ನಿಸಲ್ಲ.

ಇನ್ನೊಂದು ವಿಷಯ. ಹೊಲದಲ್ಲಿ ವಿಮಾನ ಇಳಿದ್ರೆ 112ಕ್ಕೆ ಫೋನ್ ಮಾಡಿ, ಮಕ್ಕಳನ್ನ ದೂರ ಇಡಿ. ರೆಕ್ಕೆಯಲ್ಲಿ ಪೆಟ್ರೋಲ್ ಇರುತ್ತೆ. ಫ್ಯಾನ್ ಮುಟ್ಟಲೇಬೇಡಿ. ಈ ಎಂಜಿನ್‌ನ ಕಿಡಿಗೆ ಬ್ಯಾಟರಿ ಬೇಕಿಲ್ಲ, ಕೈಯಲ್ಲಿ ಚೂರು ತಿರುಗಿಸಿದ್ರೂ ಹೊತ್ತಿಕೊಂಡು ತಿರುಗಬಹುದು.