ಪುಸ್ತಕದ ಇಂಗ್ಲಿಷು, ಗಲ್ಲಾದ ಇಂಗ್ಲಿಷು

ಕುಂದಾಪುರದಿಂದಲೋ ಕಲಬುರಗಿಯಿಂದಲೋ ಕುಷಾಯಿಗೂಡಕ್ಕೆ ಬಂದ ನಮ್ಮ ಹುಡುಗ ಆರು ತಿಂಗಳೊಳಗೆ ತೆಲುಗಿನಲ್ಲಿ ಗಿರಾಕಿಯನ್ನು ಸುಧಾರಿಸುತ್ತಾನೆ. ವರ್ಷ ತುಂಬುವುದರೊಳಗೆ ದಖನಿಯಲ್ಲಿ ತಮಾಷೆಗೂ ಇಳಿಯುತ್ತಾನೆ. ಇದಕ್ಕಾಗಿ ಅವನು ಒಂದು ಪುಸ್ತಕವನ್ನೂ ಕೊಂಡವನಲ್ಲ. ಅದೇ ಹುಡುಗ ಹತ್ತನೆಯ ತರಗತಿಯವರೆಗೆ ಇಂಗ್ಲಿಷು ಪಠ್ಯವನ್ನು ಬಾಯಿಪಾಠ ಮಾಡಿದವನು. ಆದರೂ ಯಾರಾದರೂ ಆ ಭಾಷೆಯಲ್ಲಿ ಎರಡು ಮಾತು ಕೇಳಿದರೆ ತಟ್ಟೆಗಳನ್ನೆತ್ತಿಕೊಂಡು ಒಳಗೆ ಸರಿಯುತ್ತಾನೆ. ತೆಲುಗು ದಿನವಿಡೀ ಕಿವಿಗೆ ಬೀಳುತ್ತದೆ, ಇಂಗ್ಲಿಷು ಬೀಳುವುದಿಲ್ಲ ಎನ್ನುವುದು ನಿಜವೇ. ಆದರೆ ಬಿದ್ದಾಗಲೂ ಗುರುತು ಸಿಗುವುದಿಲ್ಲವಲ್ಲ, ಅದೇಕೆ?

ಪಠ್ಯದಲ್ಲಿ ಇಬ್ಬರು ಮಾತನಾಡುವುದನ್ನು ನೋಡಿ. ಒಬ್ಬ 'ಈಸ್ ದಿಸ್ ಎ ಪೆನ್?' ಎನ್ನುತ್ತಾನೆ, ಇನ್ನೊಬ್ಬ 'ಯೆಸ್, ಇಟ್ ಈಸ್ ಎ ಪೆನ್' ಎನ್ನುತ್ತಾನೆ. ಕಣ್ಣೆದುರಿನ ಪೆನ್ನನ್ನು ಪೆನ್ನೇ ಎಂದು ಲೋಕದಲ್ಲಿ ಯಾರು ಕೇಳಿಯಾರು? ಅಲ್ಲಿ ಯಾರೂ ತಡವರಿಸುವುದಿಲ್ಲ, ಯಾರೂ ನಡುವೆ ಬಾಯಿ ಹಾಕುವುದಿಲ್ಲ. 'ಕ್ಯಾನ್' ಎಂದರೆ ಶಕ್ತಿ ಎಂದು ಪಾಠ. ಗಿರಾಕಿ 'ಕ್ಯಾನ್ ಐ ಗೆಟ್ ದ ಬಿಲ್?' ಎಂದಾಗ ತನ್ನ ಶಕ್ತಿಯನ್ನು ವಿಚಾರಿಸುತ್ತಿಲ್ಲ, ಬಿಲ್ಲು ತಾರಪ್ಪ ಎನ್ನುತ್ತಿದ್ದಾನೆ. ಬಿಡಿಬಿಡಿಯಾಗಿ ಅಚ್ಚಾದ 'ವಾಟ್ ಡು ಯು ವಾಂಟ್' ಬಾಯಲ್ಲಿ ಒಂದೇ ಉಸಿರಿನ 'ವಾಡ್ಯುವಾಂಟ್' ಆಗುತ್ತದೆ. ನಾವೂ 'ಏನು ಮಾಡುತ್ತಿದ್ದೀಯೆ' ಎಂದು ಬರೆದು 'ಏನ್ಮಾಡ್ತಿದೀಯ' ಎನ್ನುವವರೇ. ಬರೀ ವ್ಯಾಕರಣ ಪುಸ್ತಕದಿಂದ ಕನ್ನಡ ಕಲಿತವನನ್ನು ಬೆಂಗಳೂರಿನ ಮೆಜೆಸ್ಟಿಕ್ಕಿನಲ್ಲಿ ಇಳಿಸಿದರೆ ಅವನ ಗತಿ ಏನಾದೀತು!

ಈ ಅಂತರ ವಿದ್ವಾಂಸರಿಗೆ ತಿಳಿಯದ್ದೇನಲ್ಲ. ಬರ್ಮಿಂಗ್‌ಹ್ಯಾಮಿನ ಜಾನ್ ಸಿಂಕ್ಲೇರ್ ಅವರ ನೇತೃತ್ವದಲ್ಲಿ 1987ರಲ್ಲಿ ಬಂದ ಕೋಬಿಲ್ಡ್ ನಿಘಂಟು, ಜನ ನಿಜವಾಗಿ ಆಡಿದ ಮತ್ತು ಬರೆದ ವಾಕ್ಯಗಳನ್ನೇ ಆಧಾರ ಮಾಡಿಕೊಂಡಿತು. ನಾಟಿಂಗ್‌ಹ್ಯಾಮಿನಲ್ಲಿ ರೊನಾಲ್ಡ್ ಕಾರ್ಟರ್ ಮತ್ತು ಮೈಕಲ್ ಮೆಕಾರ್ಥಿ 1990ರ ದಶಕದಲ್ಲಿ ಮನೆ, ಅಂಗಡಿಗಳ ಮಾತುಕತೆಯನ್ನು ಧ್ವನಿಮುದ್ರಿಸಿ ಸುಮಾರು 50 ಲಕ್ಷ ಪದಗಳನ್ನು ಕೂಡಿಹಾಕಿದರು. ಪಠ್ಯಗಳು ಕಸವೆಂದು ಗುಡಿಸಿದ್ದ 'ಯು ನೋ', 'ಐ ಮೀನ್', 'ವೆಲ್' ಮುಂತಾದವು ಅಲ್ಲಿ ಹೆಜ್ಜೆಹೆಜ್ಜೆಗೂ ಸಿಕ್ಕವು.

ಹಾಗಾದರೆ ಲಂಡನ್ನಿನವರ ಮಾತನ್ನೇ ತಂದು ನಮ್ಮ ಪಠ್ಯದಲ್ಲಿ ತುಂಬಿದರೆ ಸರಿಹೋದೀತೇ? ನಮಗೆ ಹಾಗೆ ತೋರುವುದಿಲ್ಲ. ಚೆರ್ಲಪಲ್ಲಿಯ ಕಾರ್ಖಾನೆಯೊಂದರಲ್ಲಿ ಇಂಜಿನಿಯರು 'ವುಡ್ ಯು ಮೈಂಡ್ ಸ್ಟೇಯಿಂಗ್ ಫಾರ್ ದ ನೆಕ್ಸ್ಟ್ ಶಿಫ್ಟ್?' ಎಂದು ಕೇಳಿದರೆನ್ನಿ. 'ಯೆಸ್ ಸಾರ್' ಎಂದರೆ ಇಂಗ್ಲೆಂಡಿನ ಲೆಕ್ಕದಲ್ಲಿ ಒಲ್ಲೆ ಎಂದಂತೆ. ನಮ್ಮ ಇಂಜಿನಿಯರು ಅದನ್ನು ಒಪ್ಪಿಗೆ ಎಂದೇ ತಿಳಿದು ಹೆಸರು ಬರೆದುಕೊಳ್ಳುತ್ತಾರೆ. ನಮ್ಮ ನಿತ್ಯದ ಇಂಗ್ಲಿಷು ಇದು. ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯವೂ ಬರ್ಲಿನ್ನಿನವರೂ ಸೇರಿ ಭಾರತದ ಇಂಗ್ಲಿಷಿನ ಸುಮಾರು 10 ಲಕ್ಷ ಪದಗಳನ್ನು ಸಂಗ್ರಹಿಸಿದ್ದಾರೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಆಡಿದ ಮಾತು. ಒಳ್ಳೆಯ ಕೆಲಸವೇ. ಆದರೆ ಅಲ್ಲಿ ಸಾಮಾನ್ಯವಾಗಿ ಇಂಗ್ಲಿಷು ಮಾಧ್ಯಮದಲ್ಲಿ ಓದಿದವರ ಮಾತಿಗೆ ಜಾಗ. ಸಪ್ಲೈಯರನ ಇಂಗ್ಲಿಷನ್ನು ಯಾರು ಮುದ್ರಿಸಿಕೊಂಡರು?

ನೋವಿನ ಸಂಗತಿ ಇಲ್ಲಿದೆ. ಉಳ್ಳವರ ಮಕ್ಕಳಿಗೆ ಪುಸ್ತಕ ಕೆಟ್ಟದಾಗಿದ್ದರೂ ನಷ್ಟವಿಲ್ಲ. ಊಟದ ಮೇಜಿನಲ್ಲೇ ಮಾತು ಕಿವಿಗೆ ಬೀಳುತ್ತದೆ. ಪುಸ್ತಕವೊಂದನ್ನೇ ನಂಬಿರುವುದು ನಮ್ಮ ಮಕ್ಕಳು. ಪುಸ್ತಕದ ಕೊರತೆಗೆ ಬೆಲೆ ತೆರುವವರೂ ಅವರೇ, ಸಂದರ್ಶನದ ಕೋಣೆಯ ಬಾಗಿಲಲ್ಲಿ. ಇಂಗ್ಲಿಷು ಕಲಿಸುವ ಅಧ್ಯಾಪಕರನ್ನು ತಯಾರು ಮಾಡಲೆಂದು 1958ರಲ್ಲಿ ಸ್ಥಾಪನೆಯಾಗಿ, 2007ರಿಂದ ಕೇಂದ್ರೀಯ ವಿಶ್ವವಿದ್ಯಾಲಯವಾಗಿರುವ ಸಂಸ್ಥೆ ಇದೇ ಊರಿನ ತಾರ್ನಾಕಾದಲ್ಲಿದೆ, ಇಲ್ಲಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರದಲ್ಲಿ. ಅಲ್ಲಿಯ ವಿದ್ಯೆ ನಮ್ಮ ಬೀದಿಗೆ ಇಳಿಯಲು ಇನ್ನೆಷ್ಟು ವರ್ಷ ಬೇಕೋ.

ಪಠ್ಯಪುಸ್ತಕವನ್ನು ಒಲೆಗೆ ಹಾಕಿ ಎಂದು ನಾವು ಹೇಳುವುದಿಲ್ಲ. ಯಂತ್ರದ ಮೇಲಿನ ಎಚ್ಚರಿಕೆ, ಪಗಾರದ ಚೀಟಿ, ಭವಿಷ್ಯನಿಧಿಯ ಅರ್ಜಿ, ಇವುಗಳಲ್ಲಿ ಇರುವುದು ಬರೆಯುವ ಇಂಗ್ಲಿಷು. ಅದನ್ನು ಓದಲಾರದೆ ಸಹಿ ಹಾಕಿದವರ ಪಾಡು ನಿಮಗೆ ಗೊತ್ತಿದೆ. ಬರಹಕ್ಕೆ ಬರಹದ ಪಾಠ, ಬಾಯಿಗೆ ಬಾಯಿಯ ಪಾಠ ಬೇರೆಯಾಗಿ ಇರಲಿ ಎಂಬುದಷ್ಟೆ ನಮ್ಮ ಮಾತು.

ಇದು ಆಗದ ಕೆಲಸವಲ್ಲ. 1979ರಿಂದ 1984ರವರೆಗೆ ಎನ್. ಎಸ್. ಪ್ರಭು ಅವರು ನಡೆಸಿದ, 'ಬೆಂಗಳೂರು ಯೋಜನೆ' ಎಂದು ಹೆಸರಾದ ಪ್ರಯೋಗದಲ್ಲಿ ಮಕ್ಕಳಿಗೆ ವ್ಯಾಕರಣದ ಸೂತ್ರ ಕೊಡದೆ ರೈಲಿನ ವೇಳಾಪಟ್ಟಿ, ನಕಾಶೆ ಕೊಟ್ಟು ಲೆಕ್ಕ ಬಿಡಿಸಿ ಎಂದರು. ಲೆಕ್ಕ ಬಿಡಿಸುತ್ತಾ ಭಾಷೆ ಬಂದೀತು ಎಂಬ ನಂಬಿಕೆ ಅವರದು. ಅಂಥ ಪಾಠಕ್ಕೆ ಬೇಕಾದ ಸಾಮಗ್ರಿ ನಮ್ಮಲ್ಲಿ ಎಷ್ಟಿಲ್ಲ? ತಿಂಡಿಯ ಪಟ್ಟಿ, ಬಿಲ್ಲಿನ ಪುಸ್ತಕ, ಪಾಳಿಯ ಪಟ್ಟಿ. ಸಂಜೆ ಪಾಠ ಹೇಳಬಲ್ಲ ಗುಮಾಸ್ತ ಬಂಧುಗಳು ನಮ್ಮಲ್ಲಿದ್ದಾರೆ. ಎಲ್ಲರ ಜೇಬಿನಲ್ಲೂ ಧ್ವನಿ ಮುದ್ರಿಸುವ ಫೋನಿದೆ. ವಾರದಲ್ಲಿ ಎರಡು ಸಂಜೆ ಸಾಕು. ಒಬ್ಬ ಗಿರಾಕಿಯಾಗಿ ಕೂರಲಿ, ಇನ್ನೊಬ್ಬ ಎದುರು ನಿಲ್ಲಲಿ. ಆಡಿದ್ದನ್ನು ಫೋನಿನಲ್ಲಿ ತಿರುಗಿ ಕೇಳಿ, ತಪ್ಪಿದ ಕಡೆ ನಕ್ಕು, ಮತ್ತೆ ಆಡಲಿ.